ರಸ್ತೆಯ ಮೇಲಿನ ನೆರಳು

ಕಾರ್ಖಾನೆಯ ಕಬ್ಬಿನ ಗದ್ದೆಗಳಲ್ಲಿ ಈಗ ನೆರಳಿನ ಡೇರೆಗಳಿವೆ. ಹಸಿರು ಬಟ್ಟೆ, ನಾಲ್ಕು ಕಬ್ಬಿಣದ ಕಂಬ, ಕೆಳಗೆ ಬೆಂಚು, ಪಕ್ಕದಲ್ಲಿ ನೀರಿನ ಪೀಪಾಯಿ. ಬಟ್ಟೆಯ ಮೇಲೆ ಆಳೆತ್ತರದ ಬಿಳಿ ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು. ಅದರ ಕೆಳಗೆ ಇನ್ನೊಂದು ಸಾಲು: ನಮ್ಮ ಕೆಲಸಗಾರರ ಆರೋಗ್ಯವೇ ನಮ್ಮ ಹೆಮ್ಮೆ. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಆದರೂ ಆ ಸಾಲನ್ನು ಓದಲು ಬರುತ್ತದೆ, ಓದಿದಾಗಲೆಲ್ಲ ಮೈ ಉರಿಯುತ್ತದೆ. ಹೊರದೇಶದಿಂದ ಯಾರಾದರೂ ನೋಡಲು ಬಂದರೆ ಅವರನ್ನು ಕಾರ್ಖಾನೆಯ ಇಂಜಿನಿಯರ್ ಗ್ರಿಹಾಲ್ವಾ ಜೀಪಿನಲ್ಲಿ ಕರೆತಂದು, ಡೇರೆಯ ಕಂಬವನ್ನು ಕರುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ, ಇದೆಲ್ಲ ಕಂಪನಿ ಯೋಚನೆ ಮಾಡಿ ಮಾಡಿದ್ದು ಎನ್ನುತ್ತಾನೆ. ಕಳೆದ ಕಟಾವಿನಲ್ಲಿ ನಾನು ಅಲ್ಲೇ ನಿಂತಿದ್ದೆ. ಸುಳ್ಳು ಎಂದು ಗಟ್ಟಿಯಾಗಿಯೇ ಹೇಳಿದೆ. ಬಂದವರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ನಕ್ಕು ನನ್ನ ಕೈ ಕುಲುಕಿ ಹೋದರು.

ಆ ನೆರಳು ಯಾರದೆಂದು ನಾನೇ ಬರೆಯುತ್ತೇನೆ. ಬರೆದು ಬರೆದು ನನ್ನ ಕೈ ಪಳಗಿಲ್ಲ, ಮಚ್ಚು ಹಿಡಿದು ಪಳಗಿದೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಆ ನೆರಳು ನಮ್ಮ ಡಾಕ್ಟ್ರಮ್ಮನದು. ಅವರ ಹೆಸರು ಮಿಗ್ದಾಲಿಯಾ ಸಾರ್ರಿಯಾ. ನಿಕರಾಗುವಾದ ಈ ಪಡುವಣ ಬಯಲಿನ ಲಾ ಸೆಯ್ಬಿತಾ ಎಂಬ ನಮ್ಮ ಕೇರಿಯವರೇ. ಅವರ ತಾಯಿ ದೊನ್ಯಾ ತೆಯೊದೋರಾ ಕಟಾವಿನ ತಿಂಗಳುಗಳಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಮೆಕ್ಕೆಜೋಳದ ರೊಟ್ಟಿ, ಕೆಂಪು ಕಾಳು ಬೆರೆಸಿ ಹುರಿದ ಅನ್ನ, ಕೈ ಬಿಗಿಯಿಲ್ಲದ ವಾರ ಒಂದು ತುಂಡು ಉಪ್ಪು ಚೀಸು. ಮಗಳು ತಲೆಯ ಮೇಲೆ ಬುಟ್ಟಿ ಹೊತ್ತು ಗದ್ದೆಗೆ ಬರುತ್ತಿದ್ದರು. ನಾನಾಗ ಚಡ್ಡಿ ಹಾಕದ ವಯಸ್ಸಿನವನು, ನನಗೆ ನೆನಪಿರುವುದು ಅವರ ಬಾಯಿ. ಯಾರಾದರೂ ರೊಟ್ಟಿ ತಣ್ಣಗಿದೆ ಎಂದರೆ, ನಿನ್ನ ಹೆಂಡತಿಯ ಕೈಯಲ್ಲಿ ಬಿಸಿ ಮಾಡಿಸಿಕೋ, ನನಗೆ ಇನ್ನೂ ಮೂರು ಗ್ಯಾಂಗು ಬಾಕಿ ಇದೆ ಎಂದು ಮುಂದೆ ಹೋಗುತ್ತಿದ್ದರು.

ಅವರ ಅಪ್ಪ ಫೆರ್ಮೀನ್ ಕಡಿದ ಕಬ್ಬನ್ನು ಹೊತ್ತು ಗಾಡಿಗೆ ತುಂಬುವವನು. ಮಗಳು ಪಟ್ಟಣದ ಹೈಸ್ಕೂಲಿನಲ್ಲಿದ್ದಾಗ ಅವನು ಸತ್ತ. ಮೊದಲು ಮುಖ ಊದಿತು, ಆಮೇಲೆ ಮೈಯೆಲ್ಲ ಬತ್ತಿ ತುರಿಕೆ ಹತ್ತಿತು, ಕೊನೆಗೆ ಬಾಯಿಗಿಟ್ಟ ಅನ್ನವೆಲ್ಲ ವಾಂತಿ. ಕಾರ್ಖಾನೆಯ ಆಸ್ಪತ್ರೆಯವರು ಹೃದಯ ನಿಂತಿತು ಎಂದರು. ಹೂಳುವ ಹೊತ್ತಿನಲ್ಲಿ ಮಗಳು ಆ ಡಾಕ್ಟರ ಎದುರು ನಿಂತು, ಹೃದಯ ಎಲ್ಲರದ್ದೂ ಕೊನೆಗೆ ನಿಲ್ಲುತ್ತದೆ, ಮೊದಲು ಕೆಟ್ಟದ್ದು ಏನು ಎಂದು ಕೇಳಿದರಂತೆ. ಡಾಕ್ಟರು ಟೋಪಿ ಹಾಕಿಕೊಂಡು ಹೊರಟರು. ಆ ಪ್ರಶ್ನೆಯನ್ನು ಕಟ್ಟಿಕೊಂಡೇ ಹುಡುಗಿ ಲಿಯೋನ್‌ಗೆ ಹೋಗಿ, ಆ ದೊಡ್ಡ ನಗರದಲ್ಲಿ ಡಾಕ್ಟರಿಕೆ ಓದಿದ್ದು ಎಂದು ನಮ್ಮ ಕೇರಿಯ ಹೆಂಗಸರು ಹೇಳುತ್ತಾರೆ. ನಿಜವೋ ಏನೋ. ಕೇಳಿದರೆ ಅವರು, ರೊಟ್ಟಿ ಹೊತ್ತು ಹೊತ್ತು ಕುತ್ತಿಗೆ ನೋಯುತ್ತಿತ್ತು ಅದಕ್ಕೆ ಹೋದೆ ಎನ್ನುತ್ತಿದ್ದರು.

ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವ ಡಾಕ್ಟರುಗಳು ಸರಕಾರ ಹಾಕಿದ ಒಂದು ವರ್ಷ ಮುಗಿಸಿ, ಕೊನೆಯ ದಿನ ಬೆಳಗಿನ ಬಸ್ಸಿಗೇ ಹೋಗುವವರು. ಇವರು ಉಳಿದರು. ಓದಿಸಿದ್ದು ಇಲ್ಲಿಂದ ಹೋಗಲಿ ಅಂತ, ಇಲ್ಲಿಗೇ ವಾಪಸು ಬರಲಿ ಅಂತಲ್ಲ ಎಂದು ದೊನ್ಯಾ ತೆಯೊದೋರಾ ಒಂದು ವಾರ ಮಗಳ ಜೊತೆ ಮಾತು ಬಿಟ್ಟಿದ್ದಳು.

ಆ ಹೊತ್ತಿಗೆ ನಮ್ಮಲ್ಲಿ ಗಂಡಸರು ಸಾಯುವುದು ಊಟ ಮಾಡಿದಷ್ಟೇ ಮಾಮೂಲಾಗಿತ್ತು. ನನ್ನ ಅಪ್ಪ ಹೋದ, ದೊಡ್ಡಣ್ಣ ಹೋದ. ಅವನಿಗೆ ಕ್ರಿಯಾಟಿನಿನ್ ಬಂದಿದೆಯಂತೆ ಎಂದು ನಮ್ಮ ಮಕ್ಕಳು ಸಹ ಮಾತಾಡಿಕೊಳ್ಳುತ್ತಿದ್ದವು. ಅದು ರೋಗದ ಹೆಸರಲ್ಲ, ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಏರುವ ಒಂದು ಕಸ, ಅಷ್ಟೇ ಎಂದು ಡಾಕ್ಟ್ರಮ್ಮ ಎಷ್ಟು ಸಲ ಹೇಳಿದರೂ ನಮ್ಮ ಬಾಯಲ್ಲಿ ಅದೇ ಹೆಸರು ಉಳಿಯಿತು. ಕಟಾವಿಗೆ ಆಳು ತೆಗೆದುಕೊಳ್ಳುವ ಮೊದಲು ಕಾರ್ಖಾನೆ ರಕ್ತ ನೋಡುತ್ತದೆ. ಕಸ ಏರಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹಾಗಾಗಿ ರೋಗ ಬಂದವನು ಆರೋಗ್ಯವಾಗಿರುವ ತಮ್ಮನ ಇಲ್ಲವೇ ಭಾವನ ಗುರುತಿನ ಚೀಟಿ ಹಿಡಿದು, ರಕ್ತ ಕೊಡಲು ಅವನನ್ನೇ ಕಳಿಸಿ, ಗದ್ದೆಗೆ ತಾನು ಇಳಿಯುತ್ತಿದ್ದ. ಕೇರಿಗೆ ಕೇರಿಯೇ ಬಲ್ಲ ಗುಟ್ಟು ಇದು.

ಕಾರಣ ಕೇಳಿದರೆ ಕಾರ್ಖಾನೆಯ ಡಾಕ್ಟರ ಹತ್ತಿರ ಒಂದೇ ಉತ್ತರ: ಸಾರಾಯಿ. ಶಾಲೆಯ ಅಂಗಳದಲ್ಲಿ ಸಭೆ ಕರೆದು, ಕುಡಿತ ಬಿಡಿ ಎಂದು ನಮಗೆ ಬುದ್ಧಿ ಹೇಳಿದರು. ನಮ್ಮ ಡಾಕ್ಟ್ರಮ್ಮ ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದರು. ಎದ್ದು ನಿಂತರು.

"ಪಾಸ್ಟರ್ ನಿಕಾನೊರ್ ಹನಿ ಸಾರಾಯಿ ಮುಟ್ಟಿದೋರಲ್ಲ ಡಾಕ್ಟ್ರೇ. ಚರ್ಚಲ್ಲಿ ದ್ರಾಕ್ಷಾರಸಾನೂ ಬೇಡ ಅಂತ ದಾಸವಾಳದ ಶರಬತ್ತು ಕೊಡೋರು. ವಾರವೆಲ್ಲ ಕಬ್ಬು ಕಡಿದು ಭಾನುವಾರ ಬೈಬಲ್ ಓದೋರು. ಹೋದ ತಿಂಗಳು ಹೂಳಿದ್ವಲ್ಲ, ಅವರು ಯಾತರಿಂದ ಸತ್ತರು, ದಾಸವಾಳದಿಂದಾನಾ?"

ಸಭೆ ನಕ್ಕಿತು. ಡಾಕ್ಟರು, ಹಾಗಾದರೆ ಬಾವಿಯ ನೀರು ಇರಬಹುದು ಎಂದರು. ಅದೇ ಬಾವಿಯ ನೀರನ್ನೇ ಇಲ್ಲಿ ಕೂತಿರುವ ಹೆಂಗಸರೂ ಕುಡಿಯುತ್ತಾರೆ, ಇವರ ಗಂಡಂದಿರು ಎಲ್ಲಿದ್ದಾರೆ ನೋಡಿ ಎಂದರು ಇವರು. ಹಿಂದಿನ ಸಾಲೆಲ್ಲ ವಿಧವೆಯರೇ. ಆಮೇಲೆ ಯಾರೂ ನಗಲಿಲ್ಲ.

ಭಾನುವಾರಗಳಲ್ಲಿ ಮನೆ ಮನೆಗೆ ಹೋಗಿ ಡಾಕ್ಟ್ರಮ್ಮ ಹೆಂಗಸರನ್ನು ಕೇಳುತ್ತಿದ್ದರು. ಗಂಡ ಗದ್ದೆಯಿಂದ ಬಂದಾಗ ಉಚ್ಚೆ ಯಾವ ಬಣ್ಣ? ಕಾಫಿ ಬಣ್ಣ. ಉರಿಯುತ್ತಿತ್ತಾ? ಉರಿ ತಾಳದೆ ಅಳುತ್ತಿದ್ದರು ಡಾಕ್ಟ್ರಮ್ಮ, ಎನ್ನುತ್ತಿದ್ದರು ಹೆಂಗಸರು. ಕಡಿಯುವ ಮೊದಲು ಸೋಗೆ ಹೋಗಲೆಂದು ಬೆಂಕಿ ಇಡುತ್ತಾರಲ್ಲ, ಆ ಸುಟ್ಟ ಕಬ್ಬಿನ ಗದ್ದೆ ಎಂದರೆ ಏನೆಂದು ಅವರಿಗೆ ಬುಟ್ಟಿ ಹೊತ್ತ ಕಾಲದಿಂದಲೇ ಗೊತ್ತಿತ್ತು. ಮೇಲೆ ಬಿಸಿಲು, ಕೆಳಗೆ ಬೂದಿಯ ಕಾವು, ಮರದ ಗುರುತಿಲ್ಲ, ಗಾಳಿಯಿಲ್ಲ. ಟನ್ನಿನ ಲೆಕ್ಕದಲ್ಲಿ ಕೂಲಿ ಆದ್ದರಿಂದ ಯಾರೂ ಬೆನ್ನು ನೆಟ್ಟಗೆ ಮಾಡುವುದಿಲ್ಲ. ದಿನದಿನವೂ ಮೈಯನ್ನು ಒಣಗಿಸಿ ದುಡಿಸಿದರೆ ಮೂತ್ರಪಿಂಡ ಬೆಂದು ಹೋಗುತ್ತದೆ ಎಂಬುದು ಅವರ ಅನುಮಾನ. ಅನುಮಾನ ಸಾಲದು, ತೋರಿಸಬೇಕು. ನೆರಳು, ನೀರು, ವಿಶ್ರಾಂತಿ ಕೊಟ್ಟರೆ ಮೈ ಉಳಿಯುತ್ತದೆ, ಕಬ್ಬೂ ಕಡಿಮೆಯಾಗುವುದಿಲ್ಲ ಎಂದು ತೋರಿಸಿದರೆ ಮಾತ್ರ ಕಾರ್ಖಾನೆ ಎಲ್ಲ ಗದ್ದೆಗಳಿಗೂ ನೆರಳು ಕೊಡಬೇಕಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ರಾಜಧಾನಿಯ ಪತ್ರಿಕೆಯೊಂದು ವಿಧವೆಯರ ಬಗ್ಗೆ ಬರೆದಿದ್ದರಿಂದ ಕಾರ್ಖಾನೆಗೂ ಮಾನ ಉಳಿಸಿಕೊಳ್ಳಬೇಕಿತ್ತು. ಇಂಜಿನಿಯರ್ ಗ್ರಿಹಾಲ್ವಾ ಒಂದು ಕಟಾವಿಗೆ, ಒಂದು ಗ್ಯಾಂಗಿಗೆ ನೆರಳು ಕೊಟ್ಟು ನೋಡಲು ಅನುಮತಿ ಕೊಟ್ಟ. ಸೋಲುತ್ತಾಳೆ, ಬಾಯಿ ಮುಚ್ಚುತ್ತಾಳೆ ಎಂದು ಅವನ ಎಣಿಕೆ. ಡಾಕ್ಟ್ರಮ್ಮ ಆರಿಸಿದ್ದು ನನ್ನ ಗ್ಯಾಂಗನ್ನು. ಅಲ್ಲಿನ ಮೇಸ್ತ್ರಿ ನಾನು. ಹಿಂದಿನ ದಿನವಷ್ಟೇ ಅಂಗಡಿ ಮುಂದೆ ನಿಂತು, ಬೆಂಚಿನ ಮೇಲೆ ಕೂರುವ ಗಂಡಸರು ಬೇಕಿದ್ದರೆ ಬ್ಯಾಂಕಿಗೆ ಹೋಗಲಿ ಎಂದು ಕೂಗಾಡಿದ್ದೆ. ಅದನ್ನು ಕೇಳಿಯೇ ಬಂದರಂತೆ.

ನಾನು ನನ್ನ ಹುಂಜಕ್ಕೆ ಕಾಳು ಹಾಕುತ್ತಿದ್ದೆ. ಒಕ್ಕಣ್ಣ ಎಂದು ಅದರ ಹೆಸರು. ಒಂದು ಕಣ್ಣು ಕೋಳಿ ಅಂಕದ ಕಾದಾಟದಲ್ಲೇ ಹೋಗಿತ್ತು, ಉಳಿದ ಕಣ್ಣಿನಲ್ಲೇ ಸುತ್ತಲಿನ ಏಳೂರ ಹುಂಜಗಳನ್ನು ನೆಲಕ್ಕೆ ಕೆಡವಿತ್ತು. ಹೆಂಡತಿಗಿಂತ ಅದರ ಮೇಲೆ ನನಗೆ ಪ್ರೀತಿ ಎಂದು ಊರು ಆಡಿಕೊಳ್ಳುತ್ತಿತ್ತು. ಹೆಂಡತಿಯೂ ಹಾಗೆಯೇ ಹೇಳುತ್ತಿದ್ದಳು.

"ನಿನ್ನ ಗ್ಯಾಂಗನ್ನ ಹತ್ತು ಗಂಟೆಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ನೆರಳಲ್ಲಿ ಕೂರಿಸ್ತೀನಿ ಎವೇಲಿಯೊ," ಎಂದರು.

"ಕೂತ್ರೆ ಟನ್ನು ಕಮ್ಮಿ ಆಗುತ್ತೆ ಡಾಕ್ಟ್ರಮ್ಮ. ಟನ್ನು ಕಮ್ಮಿ ಆದ್ರೆ ಅವರ ಹೆಂಡ್ತಿಯರು ನಿಮ್ಮನ್ನಲ್ಲ, ನನ್ನನ್ನ ಪೊರಕೇಲಿ ಹೊಡೀತಾರೆ."

"ಕಮ್ಮಿ ಆಗಲ್ಲ."

"ಆಗುತ್ತೆ."

"ಬಾಜಿ ಕಟ್ಟು ಹಾಗಿದ್ರೆ. ಕಟಾವು ಮುಗಿದ ದಿನ ಕಾಲುವೆ ಆಚೆ ಇರೋ ಪೊಲಿಕಾರ್ಪೊ ಗ್ಯಾಂಗಿಗಿಂತ ನಿಂದು ಕಮ್ಮಿ ಬಂದ್ರೆ, ನಾನು ಈ ಮಾತು ಮತ್ತೆ ಎತ್ತಲ್ಲ. ಬರ್ಲಿಲ್ಲ ಅಂದ್ರೆ, ಈ ಒಕ್ಕಣ್ಣ ನಂದು. ಸಾರು ಮಾಡ್ತೀನಿ."

ನನ್ನ ಸಿಟ್ಟು ನೆತ್ತಿಗೇರಿತು. ಕಟ್ಟಿದೆ ಎಂದೆ. ಸಿಟ್ಟಿನಲ್ಲಿ ನಾನು ಎಷ್ಟೋ ಕೆಲಸ ಮಾಡಿದ್ದೇನೆ, ಸರಿಹೋದದ್ದು ಅದೊಂದೇ.

ದನದ ಸಂತೆಯಿಂದ ಹಳೆಯ ತೂಕದ ಯಂತ್ರ ತಂದು ಗದ್ದೆಯ ಬದಿಗೆ ಇಟ್ಟರು. ನಸುಕಿನಲ್ಲಿ ಕೆಲಸಕ್ಕೆ ಇಳಿಯುವ ಮುನ್ನ ಒಬ್ಬೊಬ್ಬನನ್ನೇ ತೂಗಿ, ಮಧ್ಯಾಹ್ನ ಮತ್ತೆ ತೂಗುವುದು. ನಾವು ಅದರ ಮೇಲೆ ನಿಂತು ಅಂಬಾ ಎನ್ನುತ್ತಿದ್ದೆವು. ಆದರೆ ಮೊದಲ ಮಧ್ಯಾಹ್ನ ಮುಳ್ಳು ನಿಂತ ಜಾಗ ನೋಡಿ ತಮಾಷೆ ನಿಂತಿತು. ಗಟ್ಟಿಮುಟ್ಟಾದ ಆಳು ಅರ್ಧ ದಿನದಲ್ಲಿ ಒಂದು ಕೊಬ್ಬಿದ ಕೋಳಿಯಷ್ಟು ತೂಕ ಕಳೆದುಕೊಂಡಿದ್ದ. ಹೋದದ್ದೆಲ್ಲ ನೀರು ಎಂದರು ಡಾಕ್ಟ್ರಮ್ಮ.

ನೀರು ಕಳಿಸುತ್ತೇವೆ ಎಂದು ಕಾರ್ಖಾನೆ ಒಪ್ಪಿತ್ತು. ಕಳಿಸಿತು ಕೂಡ. ಪೀಪಾಯಿಗಳ ತುಂಬ ಐಸು ತೇಲುವ ನೀರು. ನಮ್ಮವರು ಒಬ್ಬರೂ ಮುಟ್ಟಲಿಲ್ಲ. ಕಾದ ಮೈಗೆ ತಣ್ಣೀರು ಬಿದ್ದರೆ ನರ ಬಿಗಿದು, ಮೂತ್ರಪಿಂಡ ಬಿರಿದು ಹೋಗುತ್ತದೆ ಎಂದು ನಮಗೆ ತಾಯಿಯ ಹಾಲಿನ ಜೊತೆ ಕುಡಿಸಿರುತ್ತಾರೆ. ಕಡಿಯುವಾಗ ಕೈ ಸಹ ತೊಳೆಯುವುದಿಲ್ಲ ನಾವು. ಬಾಯಾರಿ ನಾಲಿಗೆ ಸೀಳಿದರೂ ಆ ಪೀಪಾಯಿಯ ಹತ್ತಿರ ಯಾರೂ ಸುಳಿಯಲಿಲ್ಲ. ಇಂಜಿನಿಯರ್ ಗ್ರಿಹಾಲ್ವಾ ಒಂಬತ್ತರ ಹೊತ್ತಿಗೆ ಬಂದು ತುಂಬಿದ ಪೀಪಾಯಿಗಳನ್ನು ನೋಡಿ ಖುಷಿಯಾದ. ಕೊಟ್ಟರೂ ಕುಡಿಯದವರಿಗೆ ಕಂಪನಿ ಏನು ಮಾಡಲು ಸಾಧ್ಯ ಎಂದು ಡಾಕ್ಟ್ರಮ್ಮನನ್ನು ಕೇಳಿದ.

ಅವರು ನಮಗೆ ಪಾಠ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಅವರಮ್ಮ ಕುಡಿಸಿದ್ದೂ ಅದೇ ಹಾಲು. ಅಂಗಿಯ ತೋಳು ಮೇಲೇರಿಸಿ, ಪೀಪಾಯಿಯನ್ನು ಡೇರೆಯ ನೆರಳಿನಿಂದ ಬಿಸಿಲಿಗೆ ಉರುಳಿಸಿಕೊಂಡು ಹೋದರು. ಒಂದಾದ ಮೇಲೆ ಒಂದು. ಮುಚ್ಚಳ ತೆಗೆದರು.

"ಇದೇನ್ ಮಾಡ್ತಿದೀರಿ? ಐಸಿಗೆ ದುಡ್ಡು ಕೊಟ್ಟಿದೀವಿ," ಎಂದ ಇಂಜಿನಿಯರ್.

"ನಾಳೆಯಿಂದ ಐಸು ನಿಮ್ಮ ಆಫೀಸಿಗೇ ಇಟ್ಕೊಳಿ ಇಂಜಿನಿಯರ್ರೇ, ನಿಮಗೆ ಸೆಕೆ ಜಾಸ್ತಿ. ಇವರ ಜೊತೆ ಜಗಳ ಆಡೋಕೆ ನಂಗೆ ಟೈಮಿಲ್ಲ. ಬಿಸಿಲು ಪುಕ್ಕಟೆ ಸಿಗುತ್ತೆ, ನೀರು ಬೆಚ್ಚಗಾಗ್ಲಿ."

ಬೆಚ್ಚಗಾದ ನೀರಿಗೆ ಬೆಲ್ಲ, ಉಪ್ಪು, ಹುಳಿ ಕಿತ್ತಳೆಯ ರಸ ಹಾಕಿ ಸೋರೆ ಬುರುಡೆಗಳಲ್ಲಿ ತುಂಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಪೀಪಾಯಿಯ ತಳ ಕಾಣಿಸಿತು. ಇಂಜಿನಿಯರ್ ಹೋಗುವಾಗ ಜೀಪಿನ ಬಾಗಿಲನ್ನು ಎರಡು ಸಲ ಬಡಿದ, ಮೊದಲ ಸಲ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ.

ಈಗ ನನ್ನ ತಮ್ಮ ತೋಬಿಯಾಸನ ಮಾತು. ನಮ್ಮ ಮನೆಯಲ್ಲಿ ಉಳಿದ ಗಂಡಸರು ನಾವಿಬ್ಬರೇ. ಬಯಲಿನಲ್ಲೇ ಅವನಂಥ ಕಡಿತಗಾರ ಇರಲಿಲ್ಲ. ಮಚ್ಚು ಬೀಸಿದರೆ ಕಬ್ಬು ತಾನಾಗಿ ಮಲಗುತ್ತಿತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನ ರಕ್ತದಲ್ಲಿ ಕಸ ಏರತೊಡಗಿತ್ತು. ಕಾರ್ಖಾನೆ ಬೇಡ ಎಂದಿದ್ದರಿಂದ ಚಿಕ್ಕಪ್ಪನ ಮಗ ಅಬೆಲಾರ್ದೊನ ಚೀಟಿಯಲ್ಲಿ ನನ್ನ ಗ್ಯಾಂಗಿನಲ್ಲೇ ಕಡಿಯುತ್ತಿದ್ದ. ಡಾಕ್ಟ್ರಮ್ಮನಿಗೆ ಮೊದಲ ದಿನವೇ ಗೊತ್ತಾಯಿತು, ಅವನು ಹುಟ್ಟಿದಾಗ ಅವರ ತಾಯಿಯೇ ಅಲ್ಲಿದ್ದಳು. ಬೇರೆಯವರ ಎದುರು ಅವನನ್ನು ಅಬೆಲಾರ್ದೊ ಎಂದೇ ಕರೆದರು. ಅವನೊಬ್ಬನೇ ಸಿಕ್ಕಾಗ, ಸಾಯೋಕೆ ಇಷ್ಟು ಅವಸರವಾ ನಿನಗೆ ಎಂದು ಕೇಳುತ್ತಿದ್ದರು. ಅವನು ನಕ್ಕು ಮಚ್ಚು ಮಸೆಯಲು ಕೂರುತ್ತಿದ್ದ.

ಫೆಬ್ರವರಿ ಮುಗಿಯುವ ಹೊತ್ತಿಗೆ ನನ್ನ ಗ್ಯಾಂಗಿನ ತೂಕ ಪೊಲಿಕಾರ್ಪೊನ ಗ್ಯಾಂಗಿಗೆ ಸರಿಸಮ ಬರತೊಡಗಿತು. ಅದು ಇಂಜಿನಿಯರನಿಗೂ ಕಾಣಿಸಿತು. ಒಂದು ಬೆಳಿಗ್ಗೆ ಡೇರೆಗೆ ಬಂದು, ಬೇರೆಯವರ ಹೆಸರಿನಲ್ಲಿ ರೋಗಿಗಳು ಕಡಿಯುತ್ತಿದ್ದಾರೆಂದು ಕಂಪನಿಗೆ ಗೊತ್ತಿದೆ, ಅವರು ಯಾರೆಂದು ಡಾಕ್ಟ್ರಮ್ಮ ಹೇಳಬೇಕು ಎಂದ. ಹೇಳಿದರೆ ಮುಂದಿನ ಕಟಾವಿಗೆ ಐದು ಗ್ಯಾಂಗು ಕೊಡುತ್ತೇವೆ ಎಂದೂ ಸೇರಿಸಿದ. ನಾವೆಲ್ಲ ಬೆಂಚಿನ ಮೇಲಿದ್ದೆವು. ತೋಬಿಯಾಸ್ ನನ್ನ ಪಕ್ಕದಲ್ಲಿ ಬುರುಡೆ ಹಿಡಿದು ಕೂತಿದ್ದ. ಬುರುಡೆಯನ್ನು ಮೆಲ್ಲಗೆ ಬೆಂಚಿನ ಕೆಳಗೆ ಇಟ್ಟ.

"ಐದು ಗ್ಯಾಂಗಾ," ಎಂದರು ಡಾಕ್ಟ್ರಮ್ಮ.

"ಐದು. ನಿಮಗೆ ಬೇಕಾಗಿದ್ದು ಅದೇ ಅಲ್ವಾ?"

"ಅದೇ. ಆದ್ರೆ ರೋಗ ಕೊಟ್ಟಿದ್ದು ನೀವು. ರೋಗಿ ಯಾರು ಅಂತ ನನ್ನ ಕೇಳ್ತೀರಲ್ಲ, ನಾಚಿಕೆ ಆಗಲ್ವಾ? ನನಗೆ ಗೊತ್ತಿರೋದು ಇವರ ತೂಕ. ಹೆಸರು ಬೇಕಿದ್ರೆ ಸ್ಮಶಾನಕ್ಕೆ ಹೋಗಿ, ಅಲ್ಲಿ ಕಲ್ಲಿನ ಮೇಲೆ ಸ್ಪಷ್ಟವಾಗಿ ಬರೆದಿದೆ."

ಮಾರನೆಯ ದಿನ ಕಾಲುವೆಯ ಗೇಟಿನಲ್ಲಿ ಬಂದೂಕಿನ ಕಾವಲುಗಾರರು ಡಾಕ್ಟ್ರಮ್ಮನನ್ನು ತಡೆದರು. ಡೇರೆಯನ್ನು ಮಡಚಿ ಹೊರಗೆ ಎಸೆದಿದ್ದರು, ಪೀಪಾಯಿಗಳನ್ನು ಉರುಳಿಸಿದ್ದರು. ತೂಕದ ಯಂತ್ರ ಗೇಟಿನ ಹೊರಗೆ ಮಗುಚಿ ಬಿದ್ದಿತ್ತು. ಡಾಕ್ಟ್ರಮ್ಮ ಒಂದು ಸುತ್ತು ನೋಡಿದರು. ಗದ್ದೆ ಕಾರ್ಖಾನೆಯದು, ಕಾಲುವೆ ಕಾರ್ಖಾನೆಯದು. ಕಾಲುವೆಗೆ ತಾಗಿದ ಮಣ್ಣಿನ ರಸ್ತೆ ಪುರಸಭೆಯದು. ಯಂತ್ರವನ್ನು ಎತ್ತಿಸಿ ರಸ್ತೆಯ ಮಧ್ಯಕ್ಕೆ ತಂದು ನಿಲ್ಲಿಸಿದರು. ದೊನ್ಯಾ ತೆಯೊದೋರಾ ಮತ್ತು ವಿಧವೆಯರು ಹಳೆಯ ಲಾರಿಯ ತಾಡಪಾಲು ತಂದು ಬಿದಿರಿಗೆ ಕಟ್ಟಿದರು. ಹಾದುಹೋಗುವ ಗಾಡಿಗಳು ಬದಿಗೆ ಇಳಿದು ಹೋಗಲಿ ಎಂದರು.

ಹತ್ತು ಗಂಟೆಯಾಯಿತು. ಗೇಟಿನಲ್ಲಿ ಇಂಜಿನಿಯರ್ ನಿಂತಿದ್ದ. ದಾಟಿದವನಿಗೆ ನಾಳೆ ಕೆಲಸವಿಲ್ಲ ಎಂದು ಕೂಗಿ ಹೇಳಿದ. ನಾನು ದಾಟದೆ ಕಬ್ಬು ಕಡಿಯುತ್ತಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿದು, ಹುಂಜ ನನಗೇ ಉಳಿಯುತ್ತಿತ್ತು. ಆದರೆ ನನ್ನ ತಮ್ಮನ ಹೆಸರನ್ನು ಆ ಹೆಂಗಸು ಐದು ಗ್ಯಾಂಗಿಗೆ ಮಾರಿರಲಿಲ್ಲ. ಮಚ್ಚನ್ನು ಬೂದಿಗೆ ಕುಕ್ಕಿ ಗೇಟಿನ ಕಡೆ ನಡೆದೆ. ಹಿಂದೆ ತಿರುಗಿ ನೋಡಲಿಲ್ಲ. ಹೆಜ್ಜೆಯ ಸದ್ದಿನಲ್ಲೇ ಗ್ಯಾಂಗು ಪೂರ್ತಿ ಬರುತ್ತಿದೆ ಎಂದು ತಿಳಿಯಿತು.

"ಎಲ್ಲಿಗೆ ಎವೇಲಿಯೊ?" ಎಂದ ಇಂಜಿನಿಯರ್.

"ಉಚ್ಚೆ ಹೊಯ್ಯೋಕೆ. ಅದು ಯಾವ ಬಣ್ಣ ಇದೆ ಅಂತ ನೋಡ್ಬೇಕಿದ್ರೆ ನೀವೂ ಬನ್ನಿ."

ಕಾವಲುಗಾರನೊಬ್ಬ ನಕ್ಕುಬಿಟ್ಟ. ಅವನ ಅಪ್ಪನೂ ಕ್ರಿಯಾಟಿನಿನ್‌ನಲ್ಲೇ ಹೋಗಿದ್ದ. ಬಂದೂಕು ಕೆಳಗಿಳಿಯಿತು, ನಾವು ರಸ್ತೆ ತಲುಪಿದೆವು. ಮಾರನೆಯ ದಿನ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ತೆಗೆಯಲು ಆಗುತ್ತಿರಲಿಲ್ಲ, ಸುಟ್ಟ ಕಬ್ಬು ಕಾಯುವುದಿಲ್ಲ, ಬೇಗ ಕಡಿಯದಿದ್ದರೆ ರಸ ಕೆಡುತ್ತದೆ. ಅವತ್ತಿನಿಂದ ಕಟಾವು ಮುಗಿಯುವವರೆಗೂ ಹತ್ತು ಗಂಟೆಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನಾವು ಕಾಲುವೆ ದಾಟಿ ರಸ್ತೆಯ ಮೇಲಿನ ನೆರಳಿಗೆ ಹೋಗಿ ಕೂತೆವು. ಏಪ್ರಿಲ್ ಬರುವಷ್ಟರಲ್ಲಿ ಪೊಲಿಕಾರ್ಪೊನ ಗ್ಯಾಂಗಿನವರೂ ಒಬ್ಬೊಬ್ಬರೇ ಕದ್ದು ಬಂದು ಬುರುಡೆಗೆ ಕೈ ಹಾಕುತ್ತಿದ್ದರು. ಡಾಕ್ಟ್ರಮ್ಮ ಅವರನ್ನು ಬೈದು ಓಡಿಸುತ್ತಿದ್ದರು. ನನ್ನ ಲೆಕ್ಕ ಕೆಡಿಸಬೇಡ್ರೋ, ಮುಂದಿನ ವರ್ಷ ಕುಡೀರಿ ಎನ್ನುತ್ತಿದ್ದರು. ಆಮೇಲೆ ಅವರ ಮುಖ ನೋಡಲಾಗದೆ ತಾವೇ ಕರೆದು ಕುಡಿಸಿದರು.

ರಸ್ತೆಗೆ ಬಂದ ಮೊದಲ ದಿನವೇ ತೋಬಿಯಾಸನನ್ನು ತಾಡಪಾಲಿನ ಹಿಂದಕ್ಕೆ ಕರೆದರು. ನಾನೂ ಹೋದೆ.

"ನಾನು ಬಾಯಿ ಮುಚ್ಕೊಂಡಿದ್ದು ನೀನು ಕಡೀಲಿ ಅಂತ ಅಲ್ಲ," ಎಂದರು. "ಮಚ್ಚು ಕೊಡು."

"ಕೊಟ್ಟು ಏನ್ ಮಾಡ್ಲಿ ಡಾಕ್ಟ್ರಮ್ಮ?"

"ಈ ಪೀಪಾಯಿಗೆ ನೀರು ತುಂಬು. ಬಿಸಿಲಿಗಿಡು. ಬೆಲ್ಲ ಕಲಸು. ಗ್ಯಾಂಗಿನೋರು ತಮ್ಮ ಕೂಲಿಯಿಂದ ನಿಂಗೆ ಪಾಲು ಕೊಡ್ತಾರೆ, ನಿಮ್ಮಣ್ಣನ ಹತ್ರ ಮಾತಾಡಿದೀನಿ."

ನನ್ನ ಹತ್ತಿರ ಅವರು ಮಾತಾಡಿರಲೇ ಇಲ್ಲ. ನಾನು ಹೂಂ ಎಂದೆ.

"ನೀರು ಕೊಡೋದು ಹೆಂಗಸ್ರ ಕೆಲಸ," ಎಂದ ತೋಬಿಯಾಸ್. ಅವನ ಕಿವಿ ಕೆಂಪಾಗಿತ್ತು. "ಊರೆಲ್ಲ ನಗುತ್ತೆ."

"ನಗೋರ ಹೆಸರು ಹೇಳು. ನನ್ನಪ್ಪನ ಪಕ್ಕ ಜಾಗ ಇದೆ, ಅವರೂ ಬೇಗ ಅಲ್ಲಿಗೇ ಬರ್ತಾರೆ. ನಿನ್ನ ಹೆಂಡತಿ ಹಿಂದಿನ ಸಾಲಲ್ಲಿ ಕೂರೋದು ನಂಗೆ ಬೇಡ. ಕೊಡು."

ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಹಿಡಿ ಮುಂದೆ ಮಾಡಿ ಮಚ್ಚು ಕೊಟ್ಟ. ಒಂದು ವಾರ ನನ್ನ ಜೊತೆಯಾಗಲಿ ಅವರ ಜೊತೆಯಾಗಲಿ ಮಾತಾಡಲಿಲ್ಲ, ಬೆಲ್ಲವನ್ನು ಶತ್ರುವಿನ ತಲೆಯಂತೆ ಜಜ್ಜುತ್ತಿದ್ದ. ನೀರು ಮಾತ್ರ ಒಂದು ದಿನವೂ ತಡವಾಗಲಿಲ್ಲ. ಗ್ಯಾಂಗಿನಲ್ಲಿ ಒಬ್ಬ ಅವನನ್ನು ನೀರಮ್ಮ ಎಂದು ಕರೆದ. ಅವನ ಬುರುಡೆಗೆ ಉಪ್ಪು ಎರಡು ಹಿಡಿ ಬಿತ್ತು. ಮತ್ತೆ ಯಾರೂ ಹಾಗೆ ಕರೆಯಲಿಲ್ಲ.

ಕಟಾವು ಮುಗಿದ ದಿನ ಕಾರ್ಖಾನೆಯಲ್ಲಿ ಗಾಡಿ ತೂಗುವ ವೇಬ್ರಿಡ್ಜಿನಲ್ಲೇ ಲೆಕ್ಕ ಬಂತು, ನಮ್ಮದಲ್ಲ ಅವರದೇ ಲೆಕ್ಕ. ನನ್ನ ಗ್ಯಾಂಗು ಪೊಲಿಕಾರ್ಪೊನ ಗ್ಯಾಂಗಿಗಿಂತ ಹೆಚ್ಚು ಕಡಿದಿತ್ತು. ಯೋಚಿಸಿದರೆ ಅದರಲ್ಲಿ ಮಾಯೆಯೇನೂ ಇಲ್ಲ. ನಮ್ಮವರು ಮಧ್ಯಾಹ್ನದ ಮೇಲೆ ಸೊರಗುತ್ತಿರಲಿಲ್ಲ, ಸ್ನಾಯು ಹಿಡಿದು ವಾಂತಿಯಾಗಿ ಮಾರನೆಯ ದಿನ ಮನೆಯಲ್ಲಿ ಮಲಗುತ್ತಿರಲಿಲ್ಲ. ರಕ್ತ ನೋಡಿದಾಗಲೂ ಕಾಲುವೆಯ ಆಚೆಯವರದ್ದು ಏರಿತ್ತು, ನಮ್ಮವರದ್ದು ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು.

ಸಂಜೆ ಒಕ್ಕಣ್ಣನನ್ನು ಕಂಕುಳಲ್ಲಿ ಇಟ್ಟುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಅದಕ್ಕೆ ಅಂದು ಬೆಳಿಗ್ಗೆ ಹೊಟ್ಟೆ ತುಂಬ ಕಾಳು ಹಾಕಿದ್ದೆ. ದಾರಿಯಲ್ಲಿ ಎದುರಾದವರನ್ನೆಲ್ಲ ಬೈದುಕೊಂಡೇ ಹೋಗಿದ್ದೆ. ಡಾಕ್ಟ್ರಮ್ಮ ಹುಂಜದ ಎದೆ ಒತ್ತಿ ನೋಡಿ, ಅದರ ಒಂದೇ ಕಣ್ಣನ್ನು ನೋಡಿ, ನನ್ನನ್ನು ನೋಡಿದರು.

"ನೆರಳು ಸಿಕ್ಕಿರೋದು ಒಂದು ಗ್ಯಾಂಗಿಗೆ. ಅದೂ ರಸ್ತೇಲಿ," ಎಂದರು. "ಎಲ್ಲ ಗದ್ದೇಲೂ ನೆರಳು ಬಂದ ದಿನ ಸಾರು ಮಾಡೋಣ. ಅಲ್ಲೀವರೆಗೂ ನಿನ್ನ ಹತ್ರಾನೇ ಇರಲಿ. ಸಾಲ ಅಂತ ನೆನಪಿಟ್ಕೊ."

ತಾವು ಕಂಡುಕೊಂಡದ್ದನ್ನು ಅವರು ಲಿಯೋನ್‌ಗೆ ಒಯ್ದು ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಹೇಳಿದರು. ದನ ತೂಗುವ ಯಂತ್ರದ ಮಾತಿಗೆ ಕೆಲವರು ನಕ್ಕರಂತೆ. ಕೆಲವರು ನಗದೆ ಇಲ್ಲಿಗೇ ಬಂದರು, ಅವರ ಬೆನ್ನಿಗೆ ಹೊರದೇಶದವರೂ ಬಂದರು, ಕಬ್ಬು ಬೆಳೆಯುವ ಅಕ್ಕಪಕ್ಕದ ದೇಶಗಳಲ್ಲೂ ಇದೇ ಸಾವು ಇದೆ ಎಂಬ ಮಾತು ಎದ್ದಿತು. ನಮ್ಮ ಕಾರ್ಖಾನೆ ಹಲವು ಕಟಾವುಗಳ ಕಾಲ ಕಿವಿ ಮುಚ್ಚಿಕೊಂಡಿತ್ತು. ಆ ಕಟಾವುಗಳಲ್ಲೆಲ್ಲ ರಸ್ತೆಯ ಮೇಲೆ ತಾಡಪಾಲು ಎದ್ದಿತು, ಒಂದಿದ್ದದ್ದು ಉದ್ದಕ್ಕೆ ಸಾಲಾಯಿತು. ಗಾಡಿಗಳು ಹೋಗಲು ದಾರಿ ಉಳಿಯಲಿಲ್ಲ. ಕೊನೆಗೆ, ಸಕ್ಕರೆ ಕೊಳ್ಳುವ ದೂರದ ವ್ಯಾಪಾರಿಗಳು ಪ್ರಶ್ನೆ ಕೇಳತೊಡಗಿದ ಮೇಲೆ, ಕಾರ್ಖಾನೆಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಮ್ಮ ಆರೋಗ್ಯದ ಮೇಲೆ ಪ್ರೀತಿ ಬಂತು. ಹಸಿರು ಬಟ್ಟೆ ಬಂತು. ಬಿಳಿ ಅಕ್ಷರ ಬಂತು. ಮಿಗ್ದಾಲಿಯಾ ಸಾರ್ರಿಯಾ ಎಂಬ ಹೆಸರು ಎಲ್ಲೂ ಬರಲಿಲ್ಲ.

ನಾನು ಕುದಿದೆ. ಡಾಕ್ಟ್ರಮ್ಮ ಕುದಿಯಲಿಲ್ಲ. ನೆರಳು ಬೀಳುವುದು ಬಟ್ಟೆಯ ಕೆಳಗಡೆ ಕಣೋ, ಅಕ್ಷರ ಇರೋದು ಮೇಲ್ಗಡೆ ಎಂದರು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ, ನಾನು ಇವತ್ತಿಗೂ ಮೇಲ್ಗಡೆಯನ್ನೇ ನೋಡುತ್ತೇನೆ.

ಡಾಕ್ಟ್ರಮ್ಮ ಈಗಿಲ್ಲ. ಅವರೂ ಮೂತ್ರಪಿಂಡದ ರೋಗದಿಂದಲೇ ಸತ್ತರೇ ಎಂದು ಬಂದವರೆಲ್ಲ ಕೇಳುತ್ತಾರೆ. ಹಾಗೆ ಇದ್ದಿದ್ದರೆ ಅವರಿಗೆ ಕಥೆ ಚೆನ್ನಾಗಿರುತ್ತಿತ್ತು. ಇಲ್ಲ. ಒಂದು ಮಳೆಗಾಲ ಊರಿಗೆಲ್ಲ ಡೆಂಗಿ ಜ್ವರ ಹತ್ತಿತು. ಮಂಚ ಸಾಲದೆ ನೆಲದ ಮೇಲೆ ಮಲಗಿಸಿದವರನ್ನೆಲ್ಲ ನೋಡಿಕೊಳ್ಳುತ್ತಾ ಅವರಿಗೂ ಬಂತು. ವಾರದೊಳಗೆ ಹೋದರು. ಎಂಬತ್ತು ದಾಟಿದ ತಾಯಿ ಇನ್ನೂ ಬದುಕಿದ್ದಳು.

ಹೂಳುವ ದಿನ ಇಂಜಿನಿಯರ್ ಗ್ರಿಹಾಲ್ವಾ ಗಾಡಿಯ ಚಕ್ರದಷ್ಟು ದೊಡ್ಡ ಹೂವಿನ ಹಾರ ತಂದ. ಅಡ್ಡಲಾಗಿ ರೇಶ್ಮೆ ಪಟ್ಟಿ, ಅದರ ಮೇಲೆ ಮತ್ತೆ ಅದೇ ಬಿಳಿ ಅಕ್ಷರಗಳು. ನಾನು ಅದನ್ನು ಕಾಲುವೆಗೆ ಎಸೆಯಲು ಹೊರಟಾಗ ದೊನ್ಯಾ ತೆಯೊದೋರಾ ಕೋಲು ಅಡ್ಡ ಹಿಡಿದಳು.

"ಹೂವೇನು ಮಾಡ್ತು? ಅದು ಮಣ್ಣಿಂದ ಬಂದಿದ್ದು, ಇರ್ಲಿ. ಆ ಪಟ್ಟಿ ಕಿತ್ತು ಅವನ ಕೈಗೇ ಕೊಡು. ನನ್ನ ಮಗಳ ಮೇಲೆ ಅವರ ಹೆಸರು ಬರೆಯೋದು ಬೇಡ."

ಕಿತ್ತೆ. ನಾಲ್ಕು ಮಡಿಕೆ ಮಾಡಿ ಇಂಜಿನಿಯರನ ಅಂಗೈಯಲ್ಲಿ ಇಟ್ಟೆ. ಊರೆಲ್ಲ ನೋಡುತ್ತಿತ್ತು. ಅವನು ಜೇಬಿಗೆ ಹಾಕಿಕೊಂಡ. ಬೇರೇನು ಮಾಡಿಯಾನು. ಹೆಣವನ್ನು ಮೊದಲು ಎತ್ತಿದವನು ತೋಬಿಯಾಸ್.

ತೋಬಿಯಾಸ್ ಇದ್ದಾನೆ. ಅವನ ರಕ್ತದ ಕಸ ಕಡಿಮೆಯಾಗಿಲ್ಲ, ಆಮೆಯಂತೆ ಏರುತ್ತಿದೆ. ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಈಗ ನೀರಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ಹತ್ತು ಗಂಟೆಗೆ ಬೆಂಚಿಗೆ ಬರದ ಆಳನ್ನು ತಾಯಿ ತಂದೆ ಎತ್ತಿ ಬೈಯುತ್ತಾನೆ. ಪೀಪಾಯಿಯನ್ನು ಇವತ್ತಿಗೂ ಬಿಸಿಲಿಗೆ ಇಟ್ಟೇ ಕುಡಿಸುತ್ತಾನೆ. ಹೊಸದಾಗಿ ಬಂದ ಕಾರ್ಖಾನೆಯ ಡಾಕ್ಟರು ಅದೇಕೆ ಎಂದು ಕೇಳಿದಾಗ, ನಮ್ಮ ಡಾಕ್ಟ್ರಮ್ಮ ಬರೆದ ಔಷಧಿ ಚೀಟಿ ಹಾಗಿದೆ ಎಂದನಂತೆ.

ಕಾರ್ಖಾನೆಯ ಸ್ವಂತ ಗದ್ದೆಗಳಲ್ಲಿ ನೆರಳಿದೆ ಎಂದೆ. ಹೊಳೆಯ ಕಡೆ ಹೋಗಿ ನೋಡಿ. ಅಲ್ಲಿರುವುದು ಗುತ್ತಿಗೆದಾರರ ಗದ್ದೆ.  ಕಬ್ಬು ಇದೇ ಕಾರ್ಖಾನೆಗೆ ಹೋಗುತ್ತದೆ, ಆದರೆ ಆಳುಗಳು ನಮ್ಮವರಲ್ಲ ಎನ್ನುತ್ತಾರೆ ಕಾರ್ಖಾನೆಯವರು. ಡೇರೆಯಿಲ್ಲ, ಬೆಂಚಿಲ್ಲ, ಪೀಪಾಯಿಯಿಲ್ಲ. ಕಳೆದ ಕಟಾವಿನಲ್ಲಿ ಆ ಕಡೆಯಿಂದ ಮೂರು ಹೆಣ ಬಂದವು, ಮೀಸೆ ಸರಿಯಾಗಿ ಮೂಡದವರು. ಈ ಕಟಾವು ಶುರುವಾದಾಗಿನಿಂದ ನಾನು ಮತ್ತು ತೋಬಿಯಾಸ್ ಹೊಳೆಯ ರಸ್ತೆಯ ಮೇಲೆ ತಾಡಪಾಲು ಕಟ್ಟುತ್ತಿದ್ದೇವೆ. ಗುತ್ತಿಗೆದಾರ ಪೊಲೀಸರನ್ನು ಕರೆಸುತ್ತೇನೆ ಎಂದಿದ್ದಾನೆ. ಬರಲಿ, ಬಿಸಿಲಿದೆ, ಅವರಿಗೂ ಒಂದೊಂದು ಬುರುಡೆ ಕೊಡುತ್ತೇವೆ.

ಒಕ್ಕಣ್ಣ ಮುದಿಯಾಗಿ ಸತ್ತಿತು. ಅದರ ಮರಿಯ ಮರಿ ಈಗ ನನ್ನ ಅಂಗಳದಲ್ಲಿದೆ. ಎರಡೂ ಕಣ್ಣು ನೆಟ್ಟಗಿವೆ, ಸಿಟ್ಟು ಮಾತ್ರ ಅದೇ. ಅಂಕಕ್ಕೆ ಬಿಡು, ಮಾರು ಎಂದು ಪಟ್ಟಣದವರು ಬಂದು ಕೇಳುತ್ತಾರೆ. ಮಾರುವುದಿಲ್ಲ ಎನ್ನುತ್ತೇನೆ. ಅದು ನನ್ನದಲ್ಲ, ಡಾಕ್ಟ್ರಮ್ಮನದು. ಕೊಡುವ ದಿನ ಇನ್ನೂ ಬಂದಿಲ್ಲ.